ಪರದೆಯ ಮುಂದೆ ಕುಳಿತ ಖಾಜಿ

ಸಿನಿಮಾ ನೋಡುವುದು ಸರಿಯೇ, ತಪ್ಪೇ ಎಂಬ ಬಗ್ಗೆ ನಮ್ಮ ಸಮುದಾಯದಲ್ಲಿ ದಶಕಗಳಿಂದ ಚರ್ಚೆ ನಡೆಯುತ್ತಲೇ ಇದೆ. ಆ ಚರ್ಚೆ ಮುಗಿಯುವ ಮೊದಲೇ ಸಿನಿಮಾ ಮೊಬೈಲ್ ಫೋನಿನ ಮೂಲಕ ಮನೆಯೊಳಗೆ ಬಂದು ಕುಳಿತಾಗಿದೆ. ಆದರೆ ಇದಕ್ಕಿಂತ ಕಠಿಣವಾದ ಇನ್ನೊಂದು ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಸಿನಿಮಾ ನೋಡಿ ಎದ್ದವನ ಹೊಣೆ ಏನು? ಎರಡೂವರೆ ಗಂಟೆ ಒಂದು ಕಥೆ ನೋಡಿ ಹೊರಬಂದವನು ಬರಿಗೈಯಲ್ಲಿ ಬರುವುದಿಲ್ಲ. ಯಾರು ಒಳ್ಳೆಯವರು, ಯಾರು ಕೆಟ್ಟವರು, ಯಾವ ಹೆಸರಿನವರನ್ನು ನಂಬಬಾರದು, ಯಾರನ್ನು ಕೊಂದರೆ ಚಪ್ಪಾಳೆ ತಟ್ಟಬಹುದು ಎಂಬ ತೀರ್ಪನ್ನು ಅವನು ಜೇಬಿನಲ್ಲಿಟ್ಟುಕೊಂಡು ಬರುತ್ತಾನೆ. ಅಂದರೆ ಪರದೆಯ ಮುಂದೆ ಕುಳಿತವನು ಪ್ರೇಕ್ಷಕನಾಗಿರುವಷ್ಟೇ ಖಾಜಿಯೂ ಆಗಿರುತ್ತಾನೆ. ಆದರೆ ಖಾಜಿಗೆ ಇರುವ ನಿಯಮಗಳು ಇವನಿಗೆ ಗೊತ್ತಿರುವುದಿಲ್ಲ.

ಆ ನಿಯಮಗಳಲ್ಲಿ ಮೊದಲನೆಯದು ಬಹಳ ಸರಳ. ಪ್ರವಾದಿ(ಸ) ಅವರು ಹಝ್ರತ್ ಅಲಿ(ರ) ಅವರನ್ನು ಯಮನ್‌ಗೆ ನ್ಯಾಯತೀರ್ಮಾನಕ್ಕೆ ಕಳುಹಿಸುವಾಗ, ಇಬ್ಬರು ವಾದಿಗಳು ಮುಂದೆ ಕುಳಿತಾಗ ಮೊದಲನೆಯವನ ಮಾತು ಕೇಳಿದಂತೆಯೇ ಎರಡನೆಯವನ ಮಾತನ್ನೂ ಕೇಳುವವರೆಗೆ ತೀರ್ಪು ಕೊಡಬಾರದು ಎಂದು ಹೇಳಿದರು. ಕುರ್‌ಆನಿನ 38ನೇ ಅಧ್ಯಾಯದಲ್ಲಿ ಬರುವ ಪ್ರವಾದಿ ದಾವೂದ್(ಅ) ಅವರ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಇಬ್ಬರು ಬಂದು ನಿಲ್ಲುತ್ತಾರೆ. ತನ್ನ ಬಳಿ ಒಂದೇ ಕುರಿ ಇದೆ, ಈ ಸೋದರನ ಬಳಿ ತೊಂಬತ್ತೊಂಬತ್ತು ಇವೆ, ಆದರೂ ನನ್ನ ಒಂದನ್ನೂ ಕೇಳುತ್ತಿದ್ದಾನೆ ಎಂದು ಒಬ್ಬ ಹೇಳುತ್ತಾನೆ. ದಾವೂದರು ಕೂಡಲೇ ಅವನ ಪರ ಮಾತಾಡುತ್ತಾರೆ. ಮರುಕ್ಷಣವೇ ತಮ್ಮನ್ನು ಪರೀಕ್ಷಿಸಲಾಯಿತೆಂದು ಅರಿತು ಸಾಷ್ಟಾಂಗ ಎರಗುತ್ತಾರೆ. ಎರಡನೆಯವನ ಮಾತು ಕೇಳದೆ ತೀರ್ಪು ಹೇಳಿದ್ದೇ ಅಲ್ಲಿನ ಎಡವಟ್ಟು ಎಂದು ಹಲವು ವ್ಯಾಖ್ಯಾನಕಾರರು ಬರೆದಿದ್ದಾರೆ. ಗಮನಿಸಬೇಕಾದದ್ದೆಂದರೆ, ಅಲ್ಲಿ ದೂರು ಹೇಳಿದವನು ಬಡವ. ಕಥೆಯೂ ಕರುಳು ಹಿಂಡುವಂಥದ್ದು. ಕರುಣೆಯೇ ನ್ಯಾಯಾಧೀಶನನ್ನು ಅವಸರಕ್ಕೆ ತಳ್ಳಬಲ್ಲದು. ಸಿನಿಮಾದ ಶಕ್ತಿ ಇರುವುದೂ ಇಲ್ಲಿಯೇ. ಅದು ನಮ್ಮನ್ನು ಮೊದಲು ಅಳಿಸಿ, ಆಮೇಲೆ ತೀರ್ಪು ಕೇಳುತ್ತದೆ.

ಒಬ್ಬನೇ ಸಾಕ್ಷಿಯ ಊರು

ಒಬ್ಬನೇ ಸಾಕ್ಷಿಯ ಮಾತು ಎಷ್ಟು ದೂರ ಹೋಗಬಲ್ಲದು ಎಂಬುದನ್ನು ತಿಳಿಯಲು ನಮ್ಮ ರಂಗಂಪೇಟೆ, ಸುರಪುರದವರು ಎಲ್ಲಿಗೂ ಹೋಗಬೇಕಾಗಿಲ್ಲ. ಸುರಪುರದ ಗುಡ್ಡದ ಮೇಲಿರುವ ಟೇಲರ್ ಮಂಜಿಲ್ ಅನ್ನು ನೋಡದವರು ನಮ್ಮಲ್ಲಿ ಕಡಿಮೆ. ಫಿಲಿಪ್ ಮೆಡೋಸ್ ಟೇಲರ್ 1841ರಲ್ಲಿ ಇಲ್ಲಿಗೆ ಬ್ರಿಟಿಷರ ಪ್ರತಿನಿಧಿಯಾಗಿ ಬಂದು 1853ರವರೆಗೆ ಇದ್ದ. ಬಾಲಕ ರಾಜಾ ವೆಂಕಟಪ್ಪ ನಾಯಕರು ಬೆಳೆದದ್ದು ಅವನ ಮೇಲ್ವಿಚಾರಣೆಯಲ್ಲಿ. 1858ರಲ್ಲಿ ರಾಜರು ಬ್ರಿಟಿಷರ ವಿರುದ್ಧ ಎದ್ದರು, ಸೆರೆಯಾದರು. ಮರಣದಂಡನೆ ಕಡಿತಗೊಂಡು ಕೊನೆಗೆ ಇಂದಿನ ತಮಿಳುನಾಡಿನ ಚೆಂಗಲ್ಪಟ್ಟು ಕಡೆ ನಾಲ್ಕು ವರ್ಷದ ಸೆರೆಗೆ ಒಯ್ಯುವಾಗ ದಾರಿಯಲ್ಲಿ ಗುಂಡು ತಗುಲಿ ತೀರಿಕೊಂಡರು. ಬೆಂಗಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾವೇ ಗುಂಡು ಹೊಡೆದುಕೊಂಡರು ಎಂಬುದು ಟೇಲರ್ ತನ್ನ ಆತ್ಮಕಥೆಯಲ್ಲಿ ಕೊಟ್ಟ ವಿವರ. ಸುರಪುರದಲ್ಲಿ ಅದನ್ನು ನಂಬದವರು ಅನೇಕರಿದ್ದಾರೆ. ಟೇಲರ್ ರಾಜರನ್ನು ಮಗನಂತೆ ಪ್ರೀತಿಸಿದ್ದ ಎಂಬುದು ನಿಜವಿರಬಹುದು. ಆದರೂ ಬರೆದವನು ಅವನು, ಬರೆಯಲಾಗದೆ ಸತ್ತವರು ರಾಜರು. ಎರಡನೆಯ ವಾದಿಯ ಮಾತು ನಮಗೆ ಎಂದೂ ಸಿಗಲಾರದು.

ಇದೇ ಟೇಲರ್ ಸುರಪುರಕ್ಕೆ ಬರುವ ಮೊದಲು, 1839ರಲ್ಲಿ, 'ಕನ್ಫೆಷನ್ಸ್ ಆಫ್ ಎ ಥಗ್' ಎಂಬ ಕಾದಂಬರಿ ಪ್ರಕಟಿಸಿದ್ದ. ಅದರಲ್ಲಿ ಅಮೀರ್ ಅಲಿ ಎಂಬ ಥಗ್ಗ ತಾನು ಮಾಡಿದ ಕೊಲೆಗಳನ್ನು ತಾನೇ ಹೇಳಿಕೊಳ್ಳುತ್ತಾನೆ. ಥಗ್ಗರ ಬಗ್ಗೆ ಕಂಪನಿ ಸರಕಾರಕ್ಕಿದ್ದ ಮಾಹಿತಿಯ ಬಹುಪಾಲು ಮಾಫಿಸಾಕ್ಷಿಗಳದು, ಅಂದರೆ ತಮ್ಮ ಪ್ರಾಣ ಉಳಿಸಿಕೊಳ್ಳಲು ಇತರರ ಹೆಸರು ಹೇಳಿದವರದು. 1836ರ ಕಾಯ್ದೆಯಂತೂ ಇಂಥದ್ದೇ ಅಪರಾಧ ಮಾಡಿದ್ದಾನೆಂದು ರುಜುವಾತು ಮಾಡುವ ಅಗತ್ಯವನ್ನೇ ತೆಗೆದುಹಾಕಿತು. ಥಗ್ಗರ ತಂಡಕ್ಕೆ ಸೇರಿದವನೆಂದು ತೋರಿಸಿದರೆ ಜೀವಾವಧಿ ಶಿಕ್ಷೆಗೆ ಅಷ್ಟೇ ಸಾಕಾಗಿತ್ತು. ಇದೇ ತರ್ಕ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಗೆ ದಾರಿಯಾಯಿತು. ಹುಟ್ಟಿದ ಜಾತಿಯೇ ಅಪರಾಧವಾಯಿತು. ಆ ಪಟ್ಟಿಯಿಂದ ಜನ ಬಿಡುಗಡೆ ಹೊಂದಿದ್ದು 1952ರಲ್ಲಿ.

ಕಾಯ್ದೆ ಹೋಯಿತು, ಚಿತ್ರ ಉಳಿಯಿತು. ಹಾಲಿವುಡ್‌ನ 'ಗಂಗಾ ದಿನ್' (1939), ಬ್ರಿಟನ್ನಿನ 'ದಿ ಸ್ಟ್ರಾಂಗ್ಲರ್ಸ್ ಆಫ್ ಬಾಂಬೆ' (1959), ಸ್ಪೀಲ್‌ಬರ್ಗ್‌ನ 'ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್' (1984) ಇವೆಲ್ಲ ಅದೇ ಥಗ್ಗನನ್ನು ಮತ್ತೆ ಮತ್ತೆ ಪರದೆಗೆ ತಂದವು. ಒಮ್ಮೆ ಸಾಹಸ ಚಿತ್ರವಾಗಿ, ಒಮ್ಮೆ ಭಯಾನಕ ಚಿತ್ರವಾಗಿ, ಒಮ್ಮೆ ಮಕ್ಕಳ ಮನರಂಜನೆಯಾಗಿ. ಪ್ರಕಾರ ಬದಲಾದರೂ ಸಾಕ್ಷಿ ಬದಲಾಗಲಿಲ್ಲ.

ಈ ಮಾತನ್ನು ಬ್ರಿಟಿಷರಿಗೆ ಮಾತ್ರ ಅನ್ವಯಿಸಿ ಸುಮ್ಮನಾಗುವುದು ಅನ್ಯಾಯ. 1705ರಲ್ಲಿ ಔರಂಗಜೇಬ್ ತಾನೇ ನಿಂತು ನಡೆಸಿದ ಕೊನೆಯ ದೊಡ್ಡ ಮುತ್ತಿಗೆ ನಮ್ಮ ಪಕ್ಕದ ವಾಗಣಗೇರಾದ್ದು. ಎದುರಿಗಿದ್ದವರು ಬೇಡ ನಾಯಕರು. ಮೊಘಲ್ ಆಸ್ಥಾನದ ಕಡೆಯ ಬರಹಗಾರರು ಆ ಬೇಡರ ಬಗ್ಗೆ ಗೌರವದಿಂದ ಬರೆಯಲಿಲ್ಲ. 'ಛಾವಾ' (2025) ಚಿತ್ರ ಬಂದು, ಆ ವರ್ಷದ ಮಾರ್ಚ್‌ನಲ್ಲಿ ಔರಂಗಜೇಬನ ಗೋರಿಯ ಹೆಸರಿನಲ್ಲಿ ನಾಗಪುರದಲ್ಲಿ ಗಲಭೆಯಾದಾಗ, ಸಿನಿಮಾ ಇತಿಹಾಸವನ್ನು ಒಂದೇ ಕಣ್ಣಿನಿಂದ ತೋರಿಸಿತು ಎಂದು ನಾವು ದೂರಿದೆವು. ದೂರು ಸರಿಯಾದದ್ದೇ. ಆದರೆ ಹಾಗೆ ದೂರುವವನು ವಾಗಣಗೇರಾದ ಕೋಟೆಯೊಳಗೆ ಇದ್ದವರ ಮಾತನ್ನೂ ಕೇಳಲು ತಯಾರಿರಬೇಕು. ಸ್ವಂತದವರ ವಿರುದ್ಧವಾದರೂ ನ್ಯಾಯದ ಸಾಕ್ಷ್ಯ ನುಡಿಯಿರಿ ಎಂದು ಕುರ್‌ಆನ್ ಆದೇಶಿಸಿರುವುದು ಇಂಥ ಸಂದರ್ಭಕ್ಕಾಗಿಯೇ.

ಎರಡೇ ಬಾಗಿಲು

ಈಗ ತಮಿಳು ಚಿತ್ರಗಳಿಗೆ ಬರೋಣ. ನಮ್ಮ ಭಾಗದಲ್ಲಿ ತಮಿಳು ಬಲ್ಲವರು ಕಡಿಮೆ. ತಮಿಳು ಚಿತ್ರಗಳು ತೆಲುಗು, ಹಿಂದಿ ಡಬ್ಬಿಂಗ್‌ನಲ್ಲಿ ಬರುತ್ತಿದ್ದವು. 2017ರಲ್ಲಿ ಅಜಿತ್ ಅವರ ಚಿತ್ರವೊಂದು 'ಸತ್ಯದೇವ್ ಐಪಿಎಸ್' ಎಂಬ ಹೆಸರಿನಲ್ಲಿ ಬಂದ ಮೇಲೆ ಕನ್ನಡದಲ್ಲಿಯೂ ಸಿಗತೊಡಗಿದವು. ಹಾಗಾಗಿ ಅವು ಈಗ ನಮ್ಮ ಚಿತ್ರಗಳೂ ಹೌದು.

'ವಿಶ್ವರೂಪಂ' (2013) ಚಿತ್ರದಲ್ಲಿ ಕಮಲ್ ಹಾಸನ್ ಮುಸ್ಲಿಂ ಪಾತ್ರ ವಹಿಸಿದ್ದಾರೆ. ಆತ ಗುಪ್ತಚರ ಸಂಸ್ಥೆಯ ಅಧಿಕಾರಿ. 'ಎಫ್‌ಐಆರ್' (2022) ಚಿತ್ರದಲ್ಲಿ ಇರ್ಫಾನ್ ಅಹ್ಮದ್ ಎಂಬ ವಿದ್ಯಾವಂತ ಯುವಕನನ್ನು ಭಯೋತ್ಪಾದಕನೆಂದು ಶಂಕಿಸಲಾಗುತ್ತದೆ. ಚಿತ್ರದ ಬಹುಭಾಗ ಅವನ ಸಂಕಟ ನಿಜಕ್ಕೂ ಮನ ಕಲಕುತ್ತದೆ. ಆದರೆ ಕೊನೆಗೆ ತಿಳಿಯುವುದೇನು? ಅವನೂ ತನಿಖಾ ಸಂಸ್ಥೆಯ ಗುಪ್ತ ಅಧಿಕಾರಿ. ಎರಡೂ ಚಿತ್ರಗಳ ಉದ್ದೇಶ ಕೆಟ್ಟದ್ದೆಂದು ಹೇಳುವಂತಿಲ್ಲ. ಒಳ್ಳೆಯ ಮುಸ್ಲಿಮನೂ ಇದ್ದಾನೆ ಎಂದು ತೋರಿಸುವುದೇ ಅವುಗಳ ಬಯಕೆ. ಆದರೆ ಆ ಬಯಕೆಯಿಂದಲೇ ಒಂದು ವಿಚಿತ್ರ ಶರತ್ತು ಹುಟ್ಟಿದೆ. ಪರದೆಯ ಮುಸ್ಲಿಮನಿಗೆ ಎರಡೇ ಬಾಗಿಲು. ಒಂದು ಬಾಗಿಲಲ್ಲಿ ಬಾಂಬು, ಇನ್ನೊಂದರಲ್ಲಿ ಸರಕಾರಿ ಬಿಲ್ಲೆ.

ರಂಗಂಪೇಟೆಯ ಹುಡುಗನ ಕೈಯಲ್ಲಿ ಎರಡೂ ಇರುವುದಿಲ್ಲ. ಯಾದಗಿರಿ ಜಿಲ್ಲೆಯಿಂದ ಪ್ರತಿವರ್ಷ ಸಾವಿರಾರು ಜನ ಗುಳೆ ಹೋಗುತ್ತಾರೆ. ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸದಲ್ಲಿ ಹಿಂದೂ ಮುಸ್ಲಿಂ ಇಬ್ಬರೂ ಒಂದೇ ತಗಡಿನ ಶೆಡ್ಡಿನಲ್ಲಿ ಮಲಗುತ್ತಾರೆ. ಸ್ವಲ್ಪ ಓದಿದವನು ಬಾಡಿಗೆ ಕೋಣೆ ಹುಡುಕುತ್ತಾನೆ. ಮನೆಯ ಮಾಲೀಕ ಹೆಸರು ಕೇಳುತ್ತಾನೆ, ಆಮೇಲೆ ಕೋಣೆ ಖಾಲಿ ಇಲ್ಲ ಎನ್ನುತ್ತಾನೆ. ಆ ಮಾಲೀಕ ದುಷ್ಟನಾಗಿರಬೇಕಾಗಿಲ್ಲ. ಅವನು ಎಷ್ಟೋ ಸಿನಿಮಾ ನೋಡಿ, ಎಷ್ಟೋ ಚಾನೆಲ್ ನೋಡಿ, ಮನಸ್ಸಿನಲ್ಲೇ ವಿಚಾರಣೆ ಮುಗಿಸಿರುತ್ತಾನೆ. ತಾನು ಗುಪ್ತ ಅಧಿಕಾರಿಯೆಂದು ಕೊನೆಯ ದೃಶ್ಯದಲ್ಲಿ ತೋರಿಸಲು ಈ ಹುಡುಗನಿಗೆ ಸಾಧ್ಯವಿಲ್ಲ. ಅವನು ಗಾರೆ ಕೆಲಸದವನು, ಅಷ್ಟೇ. ನಿರಪರಾಧಿಯಾಗಿರುವುದಷ್ಟೇ ಸಾಲದು, ನಿಷ್ಠೆಯನ್ನು ಪ್ರಾಣ ಒತ್ತೆಯಿಟ್ಟು ತೋರಿಸಬೇಕು ಎಂಬ ಶರತ್ತನ್ನು ಬೇರೆ ಯಾವ ನಾಗರಿಕನ ಮೇಲಾದರೂ ಹಾಕುತ್ತೇವೆಯೇ?

ಈ ದೃಷ್ಟಿಯಿಂದ ವೆಂಕಟ್ ಪ್ರಭು ಅವರ 'ಮಾನಾಡು' (2021) ಮೆಚ್ಚತಕ್ಕದ್ದು. ಒಂದೇ ದಿನ ಮತ್ತೆ ಮತ್ತೆ ಮರುಕಳಿಸುವ, ಹಾಲಿವುಡ್‌ನಿಂದ ಬಂದ ತಂತ್ರವನ್ನು ಅದು ಬಳಸಿದೆ. ನಾಯಕ ಅಬ್ದುಲ್ ಖಾಲಿಕ್ ಗೆಳೆಯನ ಮದುವೆಯ ವಿಷಯಕ್ಕೆ ಬಂದವನು. ಮುಖ್ಯಮಂತ್ರಿಯ ಕೊಲೆ ಮಾಡಿಸಿ ಅದನ್ನು ಮುಸ್ಲಿಂ ಯುವಕನ ತಲೆಗೆ ಕಟ್ಟಿ ಗಲಭೆ ಎಬ್ಬಿಸುವ ಸಂಚಿನಲ್ಲಿ ಅವನು ಸಿಕ್ಕಿಕೊಳ್ಳುತ್ತಾನೆ. ಹಾಸ್ಯ, ಹೊಡೆದಾಟ ಎಲ್ಲ ಇರುವ ಪಕ್ಕಾ ವ್ಯಾಪಾರಿ ಚಿತ್ರವಿದು. ಆದರೂ ದಿನ ಮರುಕಳಿಸಿದಂತೆಲ್ಲ ಪ್ರೇಕ್ಷಕನಿಗೆ ಅದೇ ಘಟನೆಯನ್ನು ಇನ್ನೊಮ್ಮೆ, ಬೇರೆ ಕಡೆಯಿಂದ ನೋಡುವ ಅವಕಾಶ ಸಿಗುತ್ತದೆ. ಎರಡನೆಯ ಸಲ ನೋಡಿದಾಗಲೇ ಮೊದಲ ಸಲದ ತೀರ್ಪು ತಪ್ಪೆಂದು ಗೊತ್ತಾಗುವುದು.

ನಮಗೆ ಇಷ್ಟವಾದ ಚಿತ್ರಕ್ಕೂ ಅದೇ ನಿಯಮ

ವೆಟ್ರಿಮಾರನ್ ಅವರ 'ವಿಸಾರಣೈ' ಚಿತ್ರವನ್ನು ಗುಳೆ ಹೋಗುವ ಜಿಲ್ಲೆಯವರು ನೋಡಲೇಬೇಕು. ಎಂ. ಚಂದ್ರಕುಮಾರ್ ಎಂಬ ಆಟೋ ಚಾಲಕರು ತಮ್ಮ ಅನುಭವದಿಂದ ಬರೆದ 'ಲಾಕಪ್' ಅದರ ಮೂಲ. ದುಡಿಯಲು ಗುಂಟೂರಿಗೆ ಹೋದ ತಮಿಳು ಹುಡುಗರನ್ನು ಪೊಲೀಸರು ಹಿಡಿದು, ಮಾಡದ ಕಳ್ಳತನ ಒಪ್ಪಿಕೊಳ್ಳುವಂತೆ ಬಡಿಯುತ್ತಾರೆ. ಅವರಿಗೆ ತೆಲುಗು ಬಾರದು. ನ್ಯಾಯಾಲಯದಲ್ಲಿ ಅವರ ಮಾತನ್ನು ಇನ್ನೊಬ್ಬರು ಅನುವಾದಿಸಿ ಹೇಳಿದಾಗಲೇ ಬಿಡುಗಡೆ. ಎರಡನೆಯ ವಾದಿಯ ಮಾತು ಕೇಳಿಸಿದ್ದಕ್ಕೆ ಅಲ್ಲಿ ಜೀವ ಉಳಿಯುತ್ತದೆ. ಆದರೆ ಮುಂದೆ, ಠಾಣೆಯಲ್ಲಿ ನಡೆದದ್ದಕ್ಕೆ ಸಾಕ್ಷಿಗಳಾದದ್ದೇ ಅವರ ಪ್ರಾಣಕ್ಕೆ ಮುಳುವಾಗುತ್ತದೆ.

'ಜೈ ಭೀಮ್' (2021) ಕನ್ನಡದಲ್ಲಿಯೂ ಬಂತು. ಬುಡಕಟ್ಟಿನ ಬಡ ಹೆಂಗಸೊಬ್ಬಳು ಠಾಣೆಯಲ್ಲಿ ಕಾಣೆಯಾದ ಗಂಡನಿಗಾಗಿ ನಡೆಸುವ ಕಾನೂನು ಹೋರಾಟ ಅದರ ವಸ್ತು. ಆಗ ವಕೀಲರಾಗಿದ್ದ, ಮುಂದೆ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯಾದ ಕೆ. ಚಂದ್ರು ನಡೆಸಿದ 1993ರ ಪ್ರಕರಣ ಅದಕ್ಕೆ ಆಧಾರ. 1871ರ ಕಾಯ್ದೆಯ ನೆರಳು ಇನ್ನೂ ಪೊಲೀಸ್ ಠಾಣೆಗಳಲ್ಲಿ ಹೇಗಿದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಜನಪ್ರಿಯ ಚಿತ್ರ ಇನ್ನೊಂದಿಲ್ಲ. ಆದರೆ ಅದರಲ್ಲಿಯೂ ಒಂದು ದೋಷವಿತ್ತು. ಚಿತ್ರಹಿಂಸೆ ಕೊಡುವ ಪೊಲೀಸನ ಮನೆಯ ಗೋಡೆಯ ಮೇಲೆ ವನ್ನಿಯಾರ್ ಸಮುದಾಯದ ಗುರುತಿದ್ದ ಕ್ಯಾಲೆಂಡರ್ ತೂಗುತ್ತಿತ್ತು. ನಿಜ ಪ್ರಕರಣದ ಪೊಲೀಸನಿಗೂ ಆ ಸಮುದಾಯಕ್ಕೂ ಸಂಬಂಧವಿಲ್ಲ ಎಂದು ಅವರು ಪ್ರತಿಭಟಿಸಿದರು. ಕ್ಯಾಲೆಂಡರನ್ನು ಬದಲಿಸಲಾಯಿತು, ನಿರ್ದೇಶಕ ಟಿ.ಜೆ. ಜ್ಞಾನವೇಲ್ ವಿಷಾದ ವ್ಯಕ್ತಪಡಿಸಿದರು. ಪ್ರತಿಭಟನೆಯಲ್ಲಿ ಬೆದರಿಕೆಯೂ ಇತ್ತು, ಅದನ್ನು ಒಪ್ಪಲಾಗದು. ಆದರೆ ಆಕ್ಷೇಪದ ತಿರುಳು ನಮಗೆ ಚೆನ್ನಾಗಿ ಅರ್ಥವಾಗಬೇಕು. ಪ್ರತಿ ಖಳನಾಯಕನ ಹಿಂದಿನ ಗೋಡೆಯಲ್ಲಿ ನಮ್ಮ ಗುರುತು ತೂಗುವುದನ್ನು ನೋಡಿ ಬೆಳೆದವರು ನಾವು. ಚಿತ್ರ ನಮ್ಮ ಪರವಾಗಿದೆ ಎಂಬ ಕಾರಣಕ್ಕೆ ಇನ್ನೊಬ್ಬರ ನೋವನ್ನು ಸಣ್ಣದೆನ್ನಲು ನಮಗೆ ಹಕ್ಕಿಲ್ಲ.

ಅದೇ ನಿರ್ದೇಶಕರ 'ವೇಟ್ಟೈಯನ್' (2024) ಇನ್ನೊಂದು ಪಾಠ. ಎನ್‌ಕೌಂಟರ್‌ಗೆ ಹೆಸರಾದ ಪೊಲೀಸ್ ಅಧಿಕಾರಿಯಾಗಿ ರಜನಿಕಾಂತ್ ನಿರಪರಾಧಿಯೊಬ್ಬನನ್ನು ಕೊಂದು, ಆಮೇಲೆ ಸತ್ಯ ಹುಡುಕುತ್ತಾರೆ. ಪ್ರಶ್ನೆ ದೊಡ್ಡದು. ಆದರೆ ಅದೇ ಚಿತ್ರ ಆರಂಭದಲ್ಲಿ ನಾಯಕನ ಬಂದೂಕಿಗೆ ಸಿಳ್ಳೆ ಹೊಡೆಸುತ್ತದೆ. ಹೊಡೆದ ಸಿಳ್ಳೆಯನ್ನು ದ್ವಿತೀಯಾರ್ಧದಲ್ಲಿ ಹಿಂದಕ್ಕೆ ಪಡೆಯಲಾಗುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಬಳಿ ಪಶುವೈದ್ಯೆಯೊಬ್ಬಳ ಮೇಲೆ ನಡೆದ ಘೋರ ಕೃತ್ಯದ ನಾಲ್ವರು ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ ಜನ ಪೊಲೀಸರ ಮೇಲೆ ಹೂ ಸುರಿದರು. ಹೂ ಸುರಿದವರಲ್ಲಿ ಎಲ್ಲ ಧರ್ಮದವರೂ ಇದ್ದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಅವರನ್ನು ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತು, ಅವರಲ್ಲಿ ಮೂವರು ಅಪ್ರಾಪ್ತರು ಎಂದು ವರದಿ ಕೊಟ್ಟಿತು. ಅವರು ತಪ್ಪಿತಸ್ಥರೇ ಎಂದು ಯಾವ ನ್ಯಾಯಾಲಯವೂ ಹೇಳುವಂತಾಗಲಿಲ್ಲ. ಎನ್‌ಕೌಂಟರ್ ನಾಯಕನಿಗೆ ಚಪ್ಪಾಳೆ ತಟ್ಟುವ ಕೈಗಳು ಯಾವ ಮೊಹಲ್ಲಾದಲ್ಲಿ ಕಡಿಮೆ ಇವೆ? ನಾಳೆ ಆ ಬಂದೂಕು ಯಾರತ್ತ ತಿರುಗುತ್ತದೆ ಎಂದು ತಿಳಿದವರೂ ಇಂದು ತಟ್ಟುತ್ತಾರೆ.

ಕೇಳಿಸದವನ ಮಾತು

ಇಲ್ಲಿ ಒಂದು ನ್ಯಾಯವಾದ ಆಕ್ಷೇಪ ಏಳುತ್ತದೆ. ಎರಡೂ ಕಡೆಯ ಮಾತು ಕೇಳಬೇಕು ಎಂದರೆ ದಬ್ಬಾಳಿಕೆ ಮಾಡಿದವನನ್ನೂ ಸಹಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೇ? ಸತ್ತ ಮಗುವಿನ ಕಥೆ ಹೇಳುವಾಗ ಕೊಂದವರ ಸಮಜಾಯಿಷಿಯನ್ನೂ ಸೇರಿಸಬೇಕೇ?

ಟ್ಯುನೀಶಿಯದ ಕೌಥರ್ ಬೆನ್ ಹನಿಯಾ ಅವರ 'ದಿ ವಾಯ್ಸ್ ಆಫ್ ಹಿಂದ್ ರಜಬ್' (2025) ಈ ಪ್ರಶ್ನೆಗೆ ಉತ್ತರದಂತಿದೆ. 2024ರ ಜನವರಿ 29ರಂದು ಗಾಝಾ ನಗರದಲ್ಲಿ ಐದು ವರ್ಷದ ಬಾಲಕಿ ಸತ್ತ ಬಂಧುಗಳ ನಡುವೆ ಕಾರಿನಲ್ಲಿ ಸಿಲುಕಿ ರೆಡ್ ಕ್ರೆಸೆಂಟ್‌ನವರೊಡನೆ ಫೋನಿನಲ್ಲಿ ಮಾತಾಡಿದಳು. ರಕ್ಷಿಸಲು ಹೋದ ಆಂಬ್ಯುಲೆನ್ಸ್‌ನ ಇಬ್ಬರು ಸಿಬ್ಬಂದಿಯೂ ಸತ್ತರು. ಅವಳ ಶವ ಸಿಕ್ಕಿದ್ದು ಹನ್ನೆರಡು ದಿನಗಳ ನಂತರ. ಚಿತ್ರದಲ್ಲಿ ಫೋನ್ ಹಿಡಿದವರ ಪಾತ್ರಗಳನ್ನು ನಟರು ವಹಿಸಿದ್ದಾರೆ, ಮಗುವಿನ ಧ್ವನಿ ಮಾತ್ರ ಧ್ವನಿಮುದ್ರಣದ ಅಸಲಿ ಧ್ವನಿ. ವೆನಿಸ್ ಚಿತ್ರೋತ್ಸವದಲ್ಲಿ ಅದಕ್ಕೆ ತೀರ್ಪುಗಾರರ ಮಹಾಪ್ರಶಸ್ತಿ ಬಂತು. ಮಗುವಿನ ಕೊನೆಯ ಮಾತನ್ನು ಸಿನಿಮಾಕ್ಕೆ ಬಳಸಬಹುದೇ ಎಂದು ಕೆಲವರು ಕೇಳಿದರು. ಅದು ಅಲ್ಲಗಳೆಯುವಂಥ ಪ್ರಶ್ನೆಯಲ್ಲ. ಆದರೆ ಜಗತ್ತು ಸೈನ್ಯದ ವಕ್ತಾರರ ಮಾತನ್ನು ಪ್ರತಿದಿನ ಕೇಳಿತ್ತು. ಈ ಮೊಕದ್ದಮೆಯಲ್ಲಿ ಮಾತು ಕೇಳಿಸದೆ ಉಳಿದಿದ್ದವಳು ಆ ಮಗುವೇ. ಎರಡೂ ಕಡೆ ಕೇಳಬೇಕೆಂಬ ನಿಯಮದ ಅರ್ಥ ಇಬ್ಬರಿಗೂ ಸಮ ಅಂಕ ಕೊಡುವುದೆಂದಲ್ಲ. ಈವರೆಗೆ ಯಾರ ಮಾತು ಕೇಳಿಸಿಲ್ಲ ಎಂದು ಹುಡುಕುವುದು, ಸಿಕ್ಕ ಮಾತನ್ನು ಪುರಾವೆಯ ಒರೆಗೆ ಹಚ್ಚುವುದು. ಆ ಒರೆಗೆ ನಿಂತ ಮೇಲೆ ತೀರ್ಪು ಕೊಡಲು ಹಿಂಜರಿಯುವುದೂ ಅನ್ಯಾಯವೇ.

ಪುರಾವೆಯ ಮಾತಿಗೆ ಇರಾನಿನ ಜಾಫರ್ ಪನಾಹಿ ಅವರ 'ಇಟ್ ವಾಸ್ ಜಸ್ಟ್ ಆ್ಯನ್ ಆ್ಯಕ್ಸಿಡೆಂಟ್' ಒಳ್ಳೆಯ ಉದಾಹರಣೆ. 2025ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರವಿದು. ಪನಾಹಿ ಸ್ವತಃ ಸೆರೆಮನೆ ಕಂಡವರು. ಚಿತ್ರದಲ್ಲಿ ಸೆರೆಯಿಂದ ಬಂದ ಮೆಕ್ಯಾನಿಕ್ ಒಬ್ಬ ಕೃತಕ ಕಾಲಿನ ಸದ್ದು ಕೇಳಿ, ತನ್ನನ್ನು ಹಿಂಸಿಸಿದವನು ಇವನೇ ಎಂದು ಒಬ್ಬನನ್ನು ಹಿಡಿದು ಹೂಳಲು ಹೊರಡುತ್ತಾನೆ. ಆಮೇಲೆ ಅನುಮಾನ. ಹಿಂಸೆಯ ವೇಳೆ ಕಣ್ಣಿಗೆ ಬಟ್ಟೆ ಕಟ್ಟಿದ್ದರು, ಮುಖ ನೋಡಿಲ್ಲ. ಸರಿ, ಇತರ ಸಂತ್ರಸ್ತರನ್ನು ಕೇಳೋಣ ಎಂದು ಅವನನ್ನು ಗಾಡಿಯಲ್ಲಿ ಹಾಕಿಕೊಂಡು ಊರೆಲ್ಲ ಸುತ್ತುತ್ತಾನೆ. ಅನ್ಯಾಯಕ್ಕೊಳಗಾದವನೇ ಪುರಾವೆ ಇಲ್ಲದೆ ಕೈ ಎತ್ತಲಾರೆ ಎನ್ನುವ ಆ ಅಳುಕಿನಲ್ಲಿ ದಾವೂದರ ಪ್ರಸಂಗದ ತಾತ್ಪರ್ಯವೇ ಇದೆ. ಎಷ್ಟು ಸಿಳ್ಳೆ ಹೊಡೆಯುವ ಪ್ರತೀಕಾರದ ಚಿತ್ರಗಳನ್ನು ಇದರ ಮುಂದೆ ಇಟ್ಟರೂ ಹಗುರವಾಗಿ ಕಾಣುತ್ತವೆ.

ನಿಷೇಧವಲ್ಲ, ವಿಚಾರಣೆ

ಹಾಗಾದರೆ ಅನ್ಯಾಯದ ಚಿತ್ರಗಳನ್ನು ನಿಷೇಧಿಸಬೇಕೇ? 2013ರ ಜನವರಿಯಲ್ಲಿ ಮುಸ್ಲಿಂ ಸಂಘಟನೆಗಳ ಆಕ್ಷೇಪದ ಮೇಲೆ ತಮಿಳುನಾಡು ಸರಕಾರ 'ವಿಶ್ವರೂಪಂ' ಚಿತ್ರವನ್ನು ಎರಡು ವಾರ ತಡೆಯಿತು. ಕೆಲವು ಭಾಗಗಳನ್ನು ಮೂಕಗೊಳಿಸಿ ಫೆಬ್ರವರಿಯಲ್ಲಿ ಬಿಡುಗಡೆಯಾಯಿತು. ಪರಿಣಾಮವಾಗಿ ಚಿತ್ರದ ಮೇಲಿದ್ದ ನ್ಯಾಯವಾದ ವಿಮರ್ಶೆ ಯಾರಿಗೂ ಕೇಳಿಸಲಿಲ್ಲ, ನಾವು ಅಸಹನೆಯವರು ಎಂಬುದು ಮಾತ್ರ ಕೇಳಿಸಿತು. 2025ರಲ್ಲಿ ಅದೇ ಕಮಲ್ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂದದ್ದಕ್ಕೆ, ಮಣಿರತ್ನಂ ನಿರ್ದೇಶನದ 'ಥಗ್ ಲೈಫ್' ಜೂನ್ 5ರಂದು ಕರ್ನಾಟಕದಲ್ಲಿ ಬಿಡುಗಡೆಯಾಗಲಿಲ್ಲ. ಆ ಹೇಳಿಕೆ ಭಾಷಾಶಾಸ್ತ್ರದ ಪ್ರಕಾರ ತಪ್ಪು. ಎರಡೂ ಒಂದೇ ಮೂಲದ ಸೋದರ ಭಾಷೆಗಳು. ಅದನ್ನು ಹೇಳಿ ಮುಗಿಸಬಹುದಿತ್ತು. ಸೆನ್ಸಾರ್ ಆದ ಚಿತ್ರವನ್ನು ಗುಂಪಿನ ಬೆದರಿಕೆಗೆ ತಡೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಮುಸ್ಲಿಮರಾಗಿ ಒಮ್ಮೆ, ಕನ್ನಡಿಗರಾಗಿ ಒಮ್ಮೆ, ಎರಡೂ ಸಲ ನಮ್ಮ ಜನ ಮಾಡಿದ್ದು ಒಂದೇ: ವಾದಿಯನ್ನು ಕೇಳುವ ಮೊದಲೇ ಬಾಯಿ ಮುಚ್ಚಿಸಿದ್ದು.

ಸಿನಿಮಾ ಕಲ್ಪನೆ, ಅದಕ್ಕೆ ಸಾಕ್ಷ್ಯದ ನಿಯಮ ಹಾಕುವುದು ಸರಿಯಲ್ಲ ಎಂದು ಯಾರಾದರೂ ಹೇಳಬಹುದು. ಕಲ್ಪಿಸುವ ಸ್ವಾತಂತ್ರ್ಯ ನಿರ್ದೇಶಕನಿಗೆ ಇರಲಿ. ಆದರೆ ಕೋಣೆ ಕೊಡದ ಮಾಲೀಕನ ನಿರ್ಧಾರ ಕಲ್ಪನೆಯಲ್ಲ, ಹೂ ಸುರಿದವರ ಹೂವೂ ಕಲ್ಪನೆಯಲ್ಲ. ಆದ್ದರಿಂದ ಹೊಣೆ ನೋಡುವವನ ಮೇಲೆ ಬೀಳುತ್ತದೆ. ಪ್ರವಾದಿ ಯೂಸುಫ್(ಅ) ಅವರ ಅಣ್ಣಂದಿರು ಅಂಗಿಗೆ ಸುಳ್ಳು ರಕ್ತ ಹಚ್ಚಿ ತಂದಾಗ, ನಂಬಲು ಎಲ್ಲರಿಗಿಂತ ಹೆಚ್ಚು ಕಾರಣವಿದ್ದವರು ತಂದೆ ಯಾಕೂಬ್(ಅ). ಅವರು ಅತ್ತರು, ಆದರೆ ನಂಬಲಿಲ್ಲ. ಪರದೆಯ ಮೇಲಿನ ರಕ್ತವೂ ಬಣ್ಣವೇ. ಅದನ್ನು ನೋಡಿ ಕಣ್ಣೀರು ಬಂದರೆ ಬರಲಿ.

ಮನೆಯಲ್ಲಿ ಮಕ್ಕಳೊಂದಿಗೆ ಸಿನಿಮಾ ನೋಡುವ ತಂದೆತಾಯಂದಿರು ಮುಗಿದ ಮೇಲೆ ಹತ್ತು ನಿಮಿಷ ಕುಳಿತು ಕೇಳಬಹುದಾದ ಪ್ರಶ್ನೆಗಳು ಕೆಲವೇ. ಈ ಕಥೆ ಯಾರ ಬಾಯಿಂದ ಬಂತು? ಯಾರಿಗೆ ಮಾತಾಡಲು ಬಿಡಲಿಲ್ಲ? ಒಬ್ಬನ ಅಪರಾಧವನ್ನು ಎಷ್ಟು ಜನರ ತಲೆಗೆ ಕಟ್ಟಿದರು? ಯಾರು ಸತ್ತಾಗ ನಾವು ಖುಷಿಪಟ್ಟೆವು, ಏಕೆ? ಈ ಪ್ರಶ್ನೆಗಳನ್ನು ಮಗ ಇನ್ನೊಬ್ಬರ ಚಿತ್ರಕ್ಕೂ, ತನಗೆ ಇಷ್ಟವಾದ ಚಿತ್ರಕ್ಕೂ ಒಂದೇ ಸಮನೆ ಕೇಳಲು ಕಲಿತರೆ, ನಾಳೆ ಅವನೊಂದು ಮನೆ ಕಟ್ಟಿಸಿ, ಬಾಡಿಗೆ ಕೇಳಿ ಬಂದವನ ಹೆಸರು ತನಗೆ ಪರಿಚಯವಿಲ್ಲದ್ದಾದರೂ, ಮೊದಲು ಒಳಗೆ ಕರೆದು ಕೂರಿಸಿ ಮಾತಾಡಿಸುತ್ತಾನೆ.